ಕಡತ, ಕೈಚೀಲ, ಒಟಿಪಿ

1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ ಅದರ ಎರಡು ತಾಲ್ಲೂಕುಗಳು, ಗದ್ವಾಲ ಮತ್ತು ಆಲಂಪುರ, ಆಂಧ್ರಪ್ರದೇಶದ ಪಾಲಾದವು. ಮಲ್ದಕಲ್ ಎಂಬ ಊರು ಇರುವುದು ಈ ಗದ್ವಾಲ ಸೀಮೆಯಲ್ಲಿ. 2016ರಿಂದ ಈ ಸೀಮೆ ತೆಲಂಗಾಣದ ಜೋಗುಳಾಂಬ ಗದ್ವಾಲ ಜಿಲ್ಲೆ. ಗೆರೆ ಬಿದ್ದದ್ದು ನಕ್ಷೆಯ ಮೇಲೆ. ಹೆಣ್ಣು ಕೊಟ್ಟು ತರುವುದಾಗಲಿ, ತಿಮ್ಮಪ್ಪನ ಜಾತ್ರೆಯಾಗಲಿ, ಮೈಯಲ್ಲಿ ಸರಿಯಿಲ್ಲದಾಗ ರಾಯಚೂರಿನ ದವಾಖಾನೆಗೆ ಹೋಗುವುದಾಗಲಿ ನಿಲ್ಲಲಿಲ್ಲ. 2013ರಲ್ಲಿ ಗದ್ವಾಲ–ರಾಯಚೂರು ರೈಲು ಓಡಲಾರಂಭಿಸಿದ ಮೇಲೆ ಈ ಓಡಾಟ ಇನ್ನಷ್ಟು ಸಲೀಸಾಯಿತು. ಗಡಿಯಲ್ಲಿ ನಿಂತದ್ದು ರೋಗಿಯಲ್ಲ, ರೋಗಿಯ ಕಾಗದ. ಮನಸ್ಸಿನ ಕಾಯಿಲೆಗೆ ಒಂದು ಸಲ ಹೈದರಾಬಾದಿನ ಎರ್ರಗಡ್ಡ, ಇನ್ನೊಂದು ಸಲ ರಾಯಚೂರು ಅಥವಾ ಧಾರವಾಡದ ಆಸ್ಪತ್ರೆ ಎಂದು ಅಲೆಯುವ ಮನೆಯವರಿಗೆ ಎರಡು ರಾಜ್ಯದ ದಾಖಲೆಗಳನ್ನು ಜೋಡಿಸುವ ಸಾಧನ ಒಂದೇ: ಚೀಟಿಗಳನ್ನು ತುಂಬಿಕೊಂಡ ಪ್ಲಾಸ್ಟಿಕ್ ಕೈಚೀಲ. ಈ ಚೀಲದ ಜಾಗಕ್ಕೆ ಈಗ ಕಂಪ್ಯೂಟರ್ ಬರುತ್ತಿದೆ, ಜೊತೆಗೆ ರೋಗಿಯ ಒಪ್ಪಿಗೆ ಎಂಬ ಹೊಸ ಷರತ್ತೂ ಬಂದಿದೆ. ಮನೋರೋಗಿಯ ದಾಖಲೆಯ ಚರಿತ್ರೆಯನ್ನು ಹಿಂದಕ್ಕೆ ಹಿಡಿದು ನೋಡಿದರೆ ಒಂದು ಅನುಮಾನ ಹುಟ್ಟುತ್ತದೆ. ಇಲ್ಲಿ ಒಪ್ಪಿಗೆ ಯಾವತ್ತೂ ರೋಗಿಯದ್ದಾಗಿರಲಿಲ್ಲ, ಕಾಗದ ಹಿಡಿದವರದ್ದಾಗಿತ್ತು. ಎಚ್ಚರ ತಪ್ಪಿದರೆ ಅದು ಈಗ ಫೋನು ಹಿಡಿದವರದ್ದಾಗುತ್ತದೆ.

ಮೊದಲಿನಿಂದಲೂ ಆ ಕಾಗದ ಹುಟ್ಟಿದ್ದು ಚಿಕಿತ್ಸೆಗಿಂತ ಹೆಚ್ಚಾಗಿ ಬಂಧನಕ್ಕೆ. ಬ್ರಿಟಿಷ್ ಭಾರತದಲ್ಲಿ 1858ರ ಕಾಯ್ದೆಯ ಜಾಗಕ್ಕೆ ಬಂದ 1912ರ ಲೂನಸಿ ಕಾಯ್ದೆ ಹಾಕಿಕೊಟ್ಟ ದಾರಿ ಇದು: ಸಾಧ್ಯವಿದ್ದರೆ ಗಂಡ, ಹೆಂಡತಿ ಅಥವಾ ನೆಂಟರೇ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಬೇಕು, ಎರಡು ವೈದ್ಯಕೀಯ ಪ್ರಮಾಣಪತ್ರ ಲಗತ್ತಿಸಬೇಕು, ಆದೇಶ ಹೊರಟರೆ ಆಸ್ಪತ್ರೆ ಒಳಗೆ ಸೇರಿಸಿಕೊಳ್ಳಬೇಕು. ತಾನಾಗಿಯೇ ಬಂದು ಸೇರಲು ಒಂದು ಕಿಂಡಿ ಇತ್ತು, ಅದಕ್ಕೂ ಆಸ್ಪತ್ರೆಯ ಸಂದರ್ಶಕ ಮಂಡಳಿಯ ಇಬ್ಬರ ಅನುಮತಿ ಬೇಕಿತ್ತು. ಮೈಸೂರು, ಹೈದರಾಬಾದ್ ಸಂಸ್ಥಾನಗಳ ಆಡಳಿತ ಬೇರೆಯಾದರೂ ಗೋಡೆಯೊಳಗಿನ ಆಸ್ಪತ್ರೆಯ ಕಲ್ಪನೆ ಬೇರೆಯಾಗಿರಲಿಲ್ಲ. ನಿಜಾಮರ ಸೀಮೆಯ ಮಾನಸಿಕ ಆಸ್ಪತ್ರೆ ದೂರದ ಜಾಲ್ನಾದಲ್ಲಿತ್ತು. ಅದು ಎರ್ರಗಡ್ಡಕ್ಕೆ ಬಂದದ್ದು 1950ರ ದಶಕದಲ್ಲಿ. ಬೆಂಗಳೂರಿನ ಹಳೆಯ ‘ಅಸೈಲಂ’ 1925ರಲ್ಲಿ ಮೆಂಟಲ್ ಹಾಸ್ಪಿಟಲ್ ಎಂದು ಹೆಸರು ಬದಲಿಸಿಕೊಂಡಿತು, 1930ರ ದಶಕದಲ್ಲಿ ಈಗಿನ ಜಾಗಕ್ಕೆ ಬಂತು, 1974ರಲ್ಲಿ ನಿಮ್ಹಾನ್ಸ್ ಆಯಿತು. ಅದರ ಹಳೆಯ ಕಡತಗಳನ್ನು ತೆರೆದು ಸಂಜೀವ್ ಜೈನ್, ಪ್ರತಿಮಾ ಮೂರ್ತಿ ಅವರಂಥ ಮನೋವೈದ್ಯರು ಇತಿಹಾಸ ಬರೆದಿದ್ದಾರೆ. (ಆ ಕಡತದೊಳಗಿನವರನ್ನು ಇದಕ್ಕೂ ಯಾರೂ ಕೇಳಿರಲಿಲ್ಲ.) ಇಂಥ ಕಡತದ ಓದುಗರು ವೈದ್ಯರು, ನ್ಯಾಯಾಧೀಶರು, ತಪಾಸಣೆಗೆ ಬರುವವರು. ರೋಗಿ ಅದರ ವಿಷಯ, ಓದುಗನಲ್ಲ. ಆದರೂ ಒಂದು ಬಗೆಯ ರಕ್ಷಣೆ ಅದಕ್ಕಿತ್ತು: ಕಡತ ಕಪಾಟು ಬಿಟ್ಟು ಕದಲುತ್ತಿರಲಿಲ್ಲ. ಊರಿಗೆ ಗೊತ್ತಾಗುತ್ತಿದ್ದದ್ದು ಆಸ್ಪತ್ರೆಯ ಹೆಸರಿನಿಂದ. ‘ಧಾರವಾಡಕ್ಕೆ ಕಳಿಸಬೇಕು’, ‘ಎರ್ರಗಡ್ಡಕ್ಕೆ ಹಾಕಬೇಕು’ ಎಂಬ ಕುಹಕದಲ್ಲಿ ಊರಿನ ಹೆಸರೇ ರೋಗದ ಹೆಸರಾಗಿಬಿಟ್ಟಿತ್ತು.

ಕಾಗದ ಕದಲಿದ್ದು ಚಿಕಿತ್ಸೆ ಊರಿನ ಹತ್ತಿರ ಬಂದಾಗ. 1982ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮದ ನಂತರ ನಿಮ್ಹಾನ್ಸ್ ತಂಡ 1980ರ ದಶಕದ ನಡುವಿನಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ನಡೆಸಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಕೆಲವೇ ಬಗೆಯ ಮಾತ್ರೆಗಳನ್ನು ಅಲ್ಲೇ ಒದಗಿಸಿ, ರೋಗಿಯ ಜಾಡು ಹಿಡಿಯಲು ಸರಳ ದಾಖಲೆ ಇಡಿಸಿತು. ‘ಬಳ್ಳಾರಿ ಮಾದರಿ’ ಎಂದು ಹೆಸರಾದ ಅದೇ 1996ರಿಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶಕ್ಕೆ ಹಬ್ಬತೊಡಗಿತು. ಬೆಂಗಳೂರಿನ ದಾರಿ ಕಾಣದೆ ಸರಪಳಿಯಲ್ಲಿ, ಕತ್ತಲೆ ಕೋಣೆಯಲ್ಲಿ ಉಳಿಯಬಹುದಾಗಿದ್ದ ಎಷ್ಟೋ ಜನಕ್ಕೆ ಇದರಿಂದ ಒಳ್ಳೆಯದಾಯಿತು, ಅದನ್ನು ಅಲ್ಲಗಳೆಯಲಾಗದು. ಆದರೆ ದಾಖಲೆ ಬರೆಯುವವರು ಈಗ ಪಕ್ಕದ ಓಣಿಯವರು. ಓಪಿ ಚೀಟಿಯಂತೂ ಮನೆಯವರ ಕೈಗೇ ಹೋಗುತ್ತಿತ್ತು. ಅದು ಚಿಕಿತ್ಸೆಯ ಹಾಳೆ ಹೇಗೋ ಹಾಗೆ ಆಯುಧವೂ ಹೌದು. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಮನೋವ್ಯಾಧಿ ವಿಚ್ಛೇದನಕ್ಕೆ ಒಂದು ಕಾರಣ. ಹಾಗಾಗಿ ಮಾತ್ರೆಯ ಚೀಟಿ ಗಂಡನ ಚೀಲದಿಂದ ವಕೀಲರ ಮೇಜಿಗೆ ಹೋಗುವುದು ದೂರದ ಮಾತಲ್ಲ. ರಾಮ್ ನಾರಾಯಣ ಗುಪ್ತ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1988ರಲ್ಲಿ ರೋಗದ ಹೆಸರೊಂದೇ ಸಾಲದು, ಅದರ ತೀವ್ರತೆ ಎಷ್ಟು ಎಂಬುದನ್ನು ನೋಡಬೇಕು ಎಂದಿತು. ರೋಗದ ಹೆಸರಿನ ಹಾಳೆಯನ್ನೇ ಜನ ಕೋರ್ಟಿಗೆ ಒಯ್ಯುತ್ತಿದ್ದರೆಂಬುದಕ್ಕೆ ಈ ತೀರ್ಪೇ ಸಾಕ್ಷಿ.

ಕಾನೂನು ಈ ಕಡೆ ಕಣ್ಣು ತೆರೆದದ್ದು ತಡವಾಗಿ. 1987ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ, ತಪಾಸಣೆಗೆ ಬಂದ ಅಧಿಕಾರಿ ನೋಡಿದ ವೈಯಕ್ತಿಕ ದಾಖಲೆ ಗುಟ್ಟಾಗಿರಬೇಕು ಎಂಬಷ್ಟಕ್ಕೇ ಮಾತು ಹೆಚ್ಚೂಕಡಿಮೆ ಮುಗಿಯುತ್ತಿತ್ತು. 2017 ಎರಡು ಕಾರಣಕ್ಕೆ ಮುಖ್ಯ ವರ್ಷ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟು ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದಿತು. ಅದಕ್ಕೆ ಕೆಲವೇ ತಿಂಗಳ ಮುಂಚೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ತನ್ನ 23ನೇ ಸೆಕ್ಷನ್ನಿನಲ್ಲಿ ಗೋಪ್ಯತೆಯನ್ನು ರೋಗಿಯ ಹಕ್ಕೆಂದು ಕರೆಯಿತು, 24ರಲ್ಲಿ ಡಿಜಿಟಲ್ ರೂಪದ ಮಾಹಿತಿಗೂ ಅದನ್ನು ವಿಸ್ತರಿಸಿತು, 25ರಲ್ಲಿ ತನ್ನ ದಾಖಲೆಯನ್ನು ತಾನೇ ನೋಡುವ ಹಕ್ಕು ಕೊಟ್ಟಿತು. ಒಂದೂವರೆ ಶತಮಾನದ ಕಡತಕ್ಕೆ ಹೀಗೆ ಅದರ ರೋಗಿಯೇ ಓದುಗನಾದ. ಇದಕ್ಕಿಂತ ದೊಡ್ಡ ಹೆಜ್ಜೆ, ನನ್ನ ಲೆಕ್ಕದಲ್ಲಿ, ಇನ್ನೆರಡು ಏರ್ಪಾಡುಗಳು: ಬುದ್ಧಿ ತಿಳಿಯಾಗಿರುವಾಗಲೇ ಮುಂದಿನ ಚಿಕಿತ್ಸೆಯ ಬಗ್ಗೆ ಬರೆದಿಡುವ ಮುಂಗಡ ನಿರ್ದೇಶನ, ತನ್ನ ಪರವಾಗಿ ನಿಲ್ಲಲು ರೋಗಿಯೇ ಆರಿಸಿಕೊಳ್ಳುವ ನಾಮನಿರ್ದೇಶಿತ ಪ್ರತಿನಿಧಿ. ಆ ಪ್ರತಿನಿಧಿ ಗಂಡನೇ ಆಗಬೇಕಿಲ್ಲ, ಅಣ್ಣನೇ ಆಗಬೇಕಿಲ್ಲ.

ಇದರ ಬೆನ್ನಿಗೇ ದಾಖಲೆ ತಂತಿಗೆ ಏರಿತು. 2021ರ ಸೆಪ್ಟೆಂಬರಿನಲ್ಲಿ ದೇಶಕ್ಕೆಲ್ಲ ಹಬ್ಬಿದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ನಿನಲ್ಲಿ ರೋಗಿಗೆ ‘ಆಭಾ’ ಎಂಬ 14 ಅಂಕಿಯ ಸಂಖ್ಯೆ. ದಾಖಲೆ ಆಯಾ ಆಸ್ಪತ್ರೆಯಲ್ಲೇ ಇರುತ್ತದೆ. ಇನ್ನೊಂದು ಆಸ್ಪತ್ರೆ ಬೇಡಿದರೆ ಯಾವ ದಾಖಲೆ, ಯಾಕೆ, ಎಷ್ಟು ದಿನ ಎಂದು ತಿಳಿಸಿ ಒಪ್ಪಿಗೆ ಕೇಳಬೇಕು, ಕೊಟ್ಟ ಒಪ್ಪಿಗೆಯನ್ನು ರೋಗಿ ಹಿಂತೆಗೆದುಕೊಳ್ಳಬಹುದು. ಕರ್ನಾಟಕ ಸರ್ಕಾರ, ನಿಮ್ಹಾನ್ಸ್, ಬೆಂಗಳೂರಿನ ಐಐಐಟಿ ಸೇರಿ ಮಾನಸಿಕ ಆರೋಗ್ಯಕ್ಕೆಂದೇ ಕಟ್ಟಿದ ಇ-ಮಾನಸ್ ಕೂಡ ಒಪ್ಪಿಗೆಯನ್ನು ತಳಪಾಯವಾಗಿ ಇಟ್ಟುಕೊಂಡಿದೆ. ಆದರೆ ಅದು ಕರ್ನಾಟಕದ್ದು, ಮಲ್ದಕಲ್ಲಿನ ರೋಗಿ ತೆಲಂಗಾಣದವರು. ಗಡಿ ದಾಟಲು ಉಳಿಯುವುದು ಆಭಾ. ಅದರ ಕೀಲಿ ಹೆಚ್ಚಾಗಿ ಮೊಬೈಲಿಗೆ ಬರುವ ಒಟಿಪಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ತಾವೇ ಬಳಸುವ ಮೊಬೈಲ್ ಇದ್ದ ಮಹಿಳೆಯರು ದೇಶದಲ್ಲಿ ಶೇ. 54ರಷ್ಟು. ಉಳಿದವರ ಒಟಿಪಿ ಮನೆಯ ಇನ್ನಾರದೋ ಫೋನಿಗೆ ಬರುತ್ತದೆ. ಚೀಲ ಹಿಡಿದವರಿಗೆ ಕೊನೆಗೆ ಚೀಟಿಗಳಷ್ಟೇ ಸಿಗುತ್ತಿದ್ದವು. ಒಟಿಪಿ ಹಿಡಿದವರಿಗೆ ಎಲ್ಲ ಆಸ್ಪತ್ರೆಯ ಎಲ್ಲ ಹಾಳೆಗಳೂ ಸಿಗಬಹುದು.

ಒಪ್ಪಿಗೆ ಇದ್ದರೆ ಮಾತ್ರ ದಾಖಲೆ ಹಂಚಬೇಕೆಂಬುದಕ್ಕೆ ವೈದ್ಯರ ಆಕ್ಷೇಪ ಗಟ್ಟಿಯಾಗಿಯೇ ಇದೆ. ಲಿಥಿಯಂ ಸೇವಿಸುತ್ತಿರುವವರಿಗೆ ಗೊತ್ತಿಲ್ಲದೆ ಕೆಲವು ನೋವಿನ ಮಾತ್ರೆ ಕೊಟ್ಟರೆ ರಕ್ತದಲ್ಲಿ ಲಿಥಿಯಂ ವಿಷದ ಮಟ್ಟಕ್ಕೆ ಏರಬಹುದು. ಈ ಸೀಮೆಯದೇ ಉದಾಹರಣೆ ಬೇಕೆಂದರೆ ಸೇಂದಿ ಇದೆ. ಸಿ.ಎಚ್. ಪೌಡರ್ ಎಂದು ಕರೆಯುವ ಕ್ಲೋರಲ್ ಹೈಡ್ರೇಟ್, ಅಲ್ಪ್ರಜೋಲಾಂನಂಥವನ್ನು ಬೆರೆಸಿದ ಸೇಂದಿ ರಾಯಚೂರಿನಲ್ಲೂ ಗದ್ವಾಲ ಮುಂಚೆ ಸೇರಿದ್ದ ಹಳೆಯ ಮಹಬೂಬ್‌ನಗರ ಜಿಲ್ಲೆಯಲ್ಲೂ ಹಳೆಯ ಪಿಡುಗು. 2015ರಲ್ಲಿ ತೆಲಂಗಾಣ ಕಲಬೆರಕೆಯ ಮೇಲೆ ಬಿಗಿ ಮಾಡಿದಾಗ, ಸೇಂದಿ ತಪ್ಪಿದವರು ಸೆಳವು, ಬಡಬಡಿಕೆ, ವಿಚಿತ್ರ ವರ್ತನೆಯಿಂದ ಆಸ್ಪತ್ರೆಗಳಿಗೆ ಬಂದರು. ಚಟದ ಹಿನ್ನೆಲೆ ತಿಳಿಯದ ವೈದ್ಯರು ಅಂಥ ಸೆಳವನ್ನು ಮೂರ್ಛೆರೋಗವೆಂದೋ, ಬಡಬಡಿಕೆಯನ್ನು ಹುಚ್ಚೆಂದೋ ತಿಳಿದರೆ ತಪ್ಪು ಅವರದ್ದಲ್ಲ. ನಿಜ, ಹಂಚಿಕೊಳ್ಳದಿದ್ದರೆ ಜೀವ ಹೋಗಬಹುದು. ಆದರೆ ಇದಕ್ಕೆ ಬೇಕಾದದ್ದು ಮಾತ್ರೆಗಳ ಪಟ್ಟಿ, ಚಟದ ಹೆಸರು, ಅಲರ್ಜಿ. ಮಾವ ಏನೆಂದ, ಮದುವೆಗೆ ಮುಂಚೆ ಏನಾಯಿತು ಎಂದು ರೋಗಿ ಬಿಚ್ಚಿಟ್ಟ ಕಥೆಯಲ್ಲ. 2017ರ ಕಾಯ್ದೆಯೂ ಚಿಕಿತ್ಸೆ ಕೊಡುವ ಇತರ ವೃತ್ತಿಪರರಿಗೆ, ಜೀವಕ್ಕೆ ಅಪಾಯ ತಪ್ಪಿಸಲು, ಮಾಹಿತಿ ತಿಳಿಸುವ ಬಾಗಿಲನ್ನು ತೆರೆದೇ ಇಟ್ಟಿದೆ. ಕಾಗದದ ಚೀಟಿ ಹೇಳಿದರೆ ಎಲ್ಲ ಹೇಳುತ್ತದೆ, ಇಲ್ಲವಾದರೆ ಏನೂ ಇಲ್ಲ. ಯಾವ ಸಾಲು ಯಾರಿಗೆ ಎಂದು ಬೇರ್ಪಡಿಸುವ ಶಕ್ತಿ ಕಂಪ್ಯೂಟರಿಗಷ್ಟೇ ಇದೆ, ಅದನ್ನು ಬಳಸದೆ ಇಡೀ ಚೀಲವನ್ನೇ ಸ್ಕ್ಯಾನ್ ಮಾಡಿ ಕಳಿಸಿದರೆ ಯಂತ್ರ ತಂದು ಬಂದ ಲಾಭವೇನು? ಅಮೆರಿಕ ಕುಡಿತ, ಮಾದಕವ್ಯಸನದ ಚಿಕಿತ್ಸೆಯ ದಾಖಲೆಗೆ 1970ರ ದಶಕದಲ್ಲೇ ಬೇರೆ ಬೀಗ ಹಾಕಿತ್ತು. ಪೊಲೀಸರ, ಕೆಲಸ ಹೋಗುವ ಭಯಕ್ಕೆ ಜನ ಚಿಕಿತ್ಸೆಗೇ ಬರಲಾರರೆಂಬುದು ಕಾರಣ. 2024ರಲ್ಲಿ ಅದನ್ನು ಸಡಿಲಿಸಿ ಮುಂದಿನ ಚಿಕಿತ್ಸೆಗೆಲ್ಲ ಒಂದೇ ಒಪ್ಪಿಗೆ ಸಾಕೆಂದಾಗಲೂ, ಒಪ್ಪಿಗೆಯಾಗಲಿ ನ್ಯಾಯಾಲಯದ ಆದೇಶವಾಗಲಿ ಇಲ್ಲದೆ ರೋಗಿಯ ವಿರುದ್ಧ ಆ ದಾಖಲೆ ಬಳಸಬಾರದೆಂಬ ನಿಯಮ ಬಿಡಲಿಲ್ಲ.

ಹಳ್ಳಿಯಲ್ಲಿ ಯಾರಿಗೆ ಏನು ಗೊತ್ತಿಲ್ಲ, ಅಲ್ಲೆಲ್ಲಿಯ ಖಾಸಗಿತನ ಎನ್ನುವವರೂ ಇದ್ದಾರೆ. ಊರ ಮಾತು ಹಬ್ಬುತ್ತದೆ, ಆದರೆ ಮರೆಯುತ್ತದೆ ಕೂಡ, ಅದನ್ನು ಯಾರೂ ಕೋರ್ಟಿಗೆ ದೃಢೀಕರಿಸಿ ಕೊಡಲಾರರು. ದಾಖಲೆ ಮರೆಯುವುದಿಲ್ಲ. ಫಿನ್ಲೆಂಡಿನ ವಾಸ್ತಾಮೋ ಎಂಬ ಮನೋಚಿಕಿತ್ಸಾ ಸಂಸ್ಥೆಯ ಕಂಪ್ಯೂಟರಿನಿಂದ ಕದ್ದ ಮೂವತ್ತು ಸಾವಿರಕ್ಕೂ ಹೆಚ್ಚು ಜನರ ದಾಖಲೆ ಹಿಡಿದು, 2020ರಲ್ಲಿ ಕಳ್ಳ ಒಬ್ಬೊಬ್ಬ ರೋಗಿಗೂ ಹಣ ಕೇಳಿ ಬೆದರಿಸಿದ. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಮೇಲೂ ಸೈಬರ್ ದಾಳಿ ನಡೆದು ದಿನಗಟ್ಟಲೆ ಕೆಲಸ ಕೈಬರಹಕ್ಕೆ ಮರಳಿತು.

ಉಳಿದದ್ದು ಕುಟುಂಬದ ಆಕ್ಷೇಪ, ಅದೇ ಎಲ್ಲಕ್ಕಿಂತ ಕಷ್ಟದ್ದು. ಹಗಲು ರಾತ್ರಿ ಕಾಯುವವರು, ಮಾತ್ರೆ ನುಂಗಿಸುವವರು, ರೈಲಿನ ಟಿಕೆಟ್ಟು ಕೊಳ್ಳುವವರು ಮನೆಯವರೇ ಆಗಿರುವಾಗ ಅವರ ಕೈಯಿಂದ ಚೀಟಿ ಕಸಿದುಕೊಳ್ಳುವುದು ಯಾವ ನ್ಯಾಯ? ರೋಗ ಉಲ್ಬಣಿಸಿದಾಗ ಒಪ್ಪಿಗೆ ಕೊಡಲು ರೋಗಿಗೆ ಸಾಧ್ಯವೇ ಇರುವುದಿಲ್ಲವಲ್ಲ? ಅದಕ್ಕೇ 2017ರ ಕಾಯ್ದೆ ನಾಮನಿರ್ದೇಶಿತ ಪ್ರತಿನಿಧಿಯ ಹೆಸರನ್ನು ರೋಗಿಯಿಂದ ಮುಂಚಿತವಾಗಿಯೇ ಕೇಳುವುದು. ಕುಟುಂಬವನ್ನು ಅದು ಹೊರಗಿಟ್ಟಿಲ್ಲ, ಕುಟುಂಬದಲ್ಲಿ ಯಾರು ಎಂದು ಕೇಳಿದೆ. ಆ ಹೆಸರು ಇರುವುದು ಕಾಯ್ದೆಯ ನಮೂನೆಯಲ್ಲಿ, ಒಟಿಪಿ ಹೋಗುವುದು ನೋಂದಣಿಯ ನಂಬರಿಗೆ. ಎರಡೂ ಒಬ್ಬರದೇ ಎಂದು ನೋಡಿಕೊಳ್ಳುವ ಕೆಲಸ ರಾಯಚೂರಿನಲ್ಲೋ ಗದ್ವಾಲದಲ್ಲೋ ಚೀಟಿ ಬರೆಯುವ ಕೌಂಟರಿನಲ್ಲಿ ಆಗಬೇಕು. 1912ರ ಕಾಯ್ದೆಯ ಅರ್ಜಿಯಲ್ಲಿ, ಗಂಡ ಹೆಂಡತಿ ನೆಂಟರಲ್ಲದವರು ಬಂದರೆ ರೋಗಿಗೂ ತಮಗೂ ಏನು ಸಂಬಂಧ ಎಂದು ಬರೆದುಕೊಡಬೇಕಿತ್ತು. ಮೊಬೈಲ್ ನಂಬರಿನ ಮುಂದೆಯೂ ಅಂಥದೊಂದು ಸಾಲು ಸೇರಿಸಬಹುದು: ಈ ಫೋನು ಯಾರದು, ರೋಗಿಗೆ ಇವರು ಏನಾಗಬೇಕು, ಇವರೇ ಸರಿಯೆಂದು ರೋಗಿ ಹೇಳಿದ್ದು ಯಾವಾಗ.