‘ನೀರು ನಡೆಯದವರು’: ನೇಪಾಳದಲ್ಲಿ ಜಾತಿ ಕಾನೂನಾಗಿದ್ದ ಕಾಲ

ನಮ್ಮ ಪೇಟೆಗಳಲ್ಲಿ ರಾತ್ರಿ ಸೀಟಿ ಊದುತ್ತಾ ಕಾವಲು ಕಾಯುವ ನೇಪಾಳಿಗಳನ್ನೆಲ್ಲ ನಾವು ‘ಗೂರ್ಖಾ’ ಅಂತ ಒಂದೇ ಹೆಸರಿನಲ್ಲಿ ಕರೆದುಬಿಡುತ್ತೇವೆ. ಅವರೊಳಗೂ ಜಾತಿ ಇದೆ. ನೇಪಾಳದಲ್ಲಿ ಅದು ಬರೀ ರೂಢಿಯಾಗಿರಲಿಲ್ಲ, ಸರ್ಕಾರವೇ ಬರೆದ ಕಾನೂನಾಗಿತ್ತು.

1854ರಲ್ಲಿ ಜಂಗ್ ಬಹಾದ್ದೂರ್ ರಾಣಾ ಆಳ್ವಿಕೆಯಲ್ಲಿ ‘ಮುಲುಕಿ ಐನ್’ ಬಂತು. ಅಂದರೆ ದೇಶದ ಕಾನೂನು. ಅದು ಇಡೀ ದೇಶದ ಜನರನ್ನು ಮೇಲಿಂದ ಕೆಳಕ್ಕೆ ಸಾಲಾಗಿ ನಿಲ್ಲಿಸಿತು. ಮೇಲೆ ಜನಿವಾರದವರು. ಆಮೇಲೆ ‘ಮತವಾಲಿ’, ಅಂದರೆ ಹೆಂಡ ಕುಡಿಯುವವರು. ಮಗರ್, ಗುರುಂಗ್, ತಮಾಂಗ್ ಜನ ಇಲ್ಲಿ ಬಂದರು. ಇವರಲ್ಲೂ ಯಾರನ್ನು ಗುಲಾಮರನ್ನಾಗಿ ಮಾಡಬಹುದು, ಯಾರನ್ನು ಮಾಡಬಾರದು ಅಂತ ಬರೆದಿಟ್ಟಿದ್ದರು! ತೀರಾ ಕೆಳಗೆ ‘ಪಾನಿ ನಚಲ್ನೆ’, ನೀರು ನಡೆಯದವರು. ಅವರ ಕೈಯ ನೀರನ್ನು ಮೇಲಿನವರು ಕುಡಿಯುವಂತಿಲ್ಲ. ಅದರಲ್ಲೂ ಎರಡು ಪಾಲು. ಕೆಲವರನ್ನು ಮುಟ್ಟಿದರೆ ನೀರು ಚಿಮುಕಿಸಿಕೊಳ್ಳಬೇಕಿಲ್ಲ. ಮುಸ್ಲಿಮರು, ಯುರೋಪಿನ ಬಿಳಿಯರು ಈ ಪಾಲಿನವರು. ಕಮ್ಮಾರ ಕಾಮಿ, ಚಮ್ಮಾರ ಸಾರ್ಕಿ, ಬಟ್ಟೆ ಹೊಲಿಯುವ ದಮಾಯಿ ಇವರನ್ನು ಮುಟ್ಟಿದರೆ ಚಿಮುಕಿಸಿಕೊಳ್ಳಲೇಬೇಕು. ಆ ನೀರಿಗೆ ಚಿನ್ನ ಮುಟ್ಟಿಸಿ ‘ಸುನ್‌ಪಾನಿ’ ಮಾಡುತ್ತಿದ್ದರು.

ಕೆಲಸ ಮಾತ್ರ ಇವರದೇ ಬೇಕು. ನಮ್ಮ ಆಯಗಾರರ ಹಾಗೆ ವರ್ಷವಿಡೀ ಕುಡುಗೋಲು ಬಡಿದು, ಬಟ್ಟೆ ಹೊಲಿದು ಸುಗ್ಗಿಯಲ್ಲಿ ಕಾಳು ಪಡೆಯಬೇಕು. ದಮಾಯಿಗಳ ವಾದ್ಯವಿಲ್ಲದೆ ಮದುವೆ ಶುಭವಲ್ಲ, ಆದರೆ ಬಾರಿಸುವವರು ಮನೆಯೊಳಗೆ ಕಾಲಿಡುವಂತಿಲ್ಲ. ವಾಲಗದವರನ್ನು ಅಂಗಳದಲ್ಲೇ ಕೂರಿಸಿ ಊಟ ಹಾಕುವುದನ್ನು ಕಂಡವರಿಗೆ ಇದೇನು ಹೊಸದಲ್ಲ.

1954ರಲ್ಲಿ ಕಠ್ಮಂಡುವಿನ ಪಶುಪತಿನಾಥ ದೇಗುಲ ಪ್ರವೇಶಕ್ಕೆ ದಲಿತರು ಹೋರಾಟಕ್ಕಿಳಿದರು. 1963ರಲ್ಲಿ ದೊರೆ ಮಹೇಂದ್ರ ಹೊಸ ಕಾನೂನು ತಂದು ಹಳೆಯ ಜಾತಿ ಸಾಲನ್ನು ಪುಸ್ತಕದಿಂದ ತೆಗೆದರು. ಆದರೆ ಜಾತಿ ತಾರತಮ್ಯಕ್ಕೆಂದೇ ಪ್ರತ್ಯೇಕ ಶಿಕ್ಷಾ ಕಾನೂನು ಬಂದದ್ದು 2011ರಲ್ಲಿ. ನಡುವೆ 48 ವರ್ಷ!

ಆಮೇಲೂ ಏನಾಯಿತು ನೋಡಿ. 2020ರ ಮೇ ತಿಂಗಳಲ್ಲಿ ಜಾಜರಕೋಟ್‌ನ ದಲಿತ ಯುವಕನೊಬ್ಬ ತಾನು ಪ್ರೀತಿಸಿದ ಮೇಲ್ಜಾತಿ ಹುಡುಗಿಯನ್ನು ಕರೆತರಲು ಗೆಳೆಯರೊಂದಿಗೆ ಪಶ್ಚಿಮ ರುಕುಮ್‌ನ ಹಳ್ಳಿಗೆ ಹೋದ. ಊರವರು ಕಲ್ಲು ಹೊಡೆದು ಅಟ್ಟಿಸಿಕೊಂಡು ಬಂದರು. ಆರು ಯುವಕರು ಸತ್ತರು, ಹೆಣಗಳು ಭೇರಿ ನದಿಯಲ್ಲಿ ಸಿಕ್ಕವು. 2023ರಲ್ಲಿ ಜಿಲ್ಲಾ ನ್ಯಾಯಾಲಯ ಇಪ್ಪತ್ತಕ್ಕೂ ಹೆಚ್ಚು ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಇನ್ನು ರಾಜಧಾನಿಯ ಕಥೆ. 2021ರಲ್ಲಿ, ಜಾತಿ ಗೊತ್ತಾದ ಮೇಲೆ ಬಾಡಿಗೆಗೆ ರೂಮು ಕೊಡಲಿಲ್ಲ ಎಂದು ಟಿ.ವಿ. ನಿರೂಪಕಿಯೊಬ್ಬರು ದೂರು ಕೊಟ್ಟರು. ಮನೆಯೊಡತಿ ಬಂಧನವಾಗಿ ಬಿಡುಗಡೆಯಾದಾಗ ಆಗಿನ ಶಿಕ್ಷಣ ಸಚಿವರೇ ಕಾರಿನಲ್ಲಿ ಕರೆದುಕೊಂಡು ಹೋದರು.

ನನಗೆ ಇದೆಲ್ಲಕ್ಕಿಂತ ದೊಡ್ಡ ಬದಲಾವಣೆ ಅನ್ನಿಸುವುದು 2017ರ ಸ್ಥಳೀಯ ಚುನಾವಣೆ. ಪ್ರತಿ ವಾರ್ಡಿನಲ್ಲಿ ಒಂದು ಸ್ಥಾನ ದಲಿತ ಮಹಿಳೆಗೇ ಮೀಸಲು. ಒಂದೇ ಸಲಕ್ಕೆ 6,500ಕ್ಕೂ ಹೆಚ್ಚು ದಲಿತ ಮಹಿಳೆಯರು ಗೆದ್ದುಬಂದರು. ಅವರಿಗೆ ಸಹಿ ಹಾಕುವುದಷ್ಟೇ ಕೆಲಸ ಅನ್ನುವ ದೂರು ಅಲ್ಲೂ ಇದೆ, ನಮ್ಮ ಪಂಚಾಯಿತಿಗಳಲ್ಲಿ ಇರುವ ಹಾಗೆ. ಆದರೂ ವಾರ್ಡಿನ ಕುಡಿಯುವ ನೀರಿನ ಮಾತು ಬಂದಾಗ ಈಗ ‘ನೀರು ನಡೆಯದ’ ಮನೆಯ ಹೆಣ್ಣುಮಗಳೂ ಆ ಸಭೆಯಲ್ಲಿ ಕೂತಿರುತ್ತಾಳೆ.