ಬಿಶಾನ್: ಸಮಾಧಿಗುಡ್ಡದಿಂದ ಹೊಳೆಯ ತಿರುವಿನವರೆಗೆ

ಸಿಂಗಪುರ ದ್ವೀಪದ ನಡುಭಾಗದಲ್ಲಿರುವ ಬಿಶಾನ್ ಎಂಬ ವಸತಿನಗರವು ಭೂದೃಶ್ಯ ಛಾಯಾಗ್ರಹಣಕ್ಕೆಂದೇ ಪ್ರವಾಸ ಹೊರಡುವವರ ಗಮನ ಸೆಳೆಯತೊಡಗಿದ್ದು ಈಚಿನ ಸಂಗತಿಯಾಗಿದ್ದು, ಅದಕ್ಕೆ ಕಾರಣ ಅಲ್ಲಿನ ಉದ್ಯಾನದೊಳಗೆ ಬಳುಕುತ್ತ ಹರಿಯುವ ಕಲ್ಲಾಂಗ್ ನದಿ. ಹುಲ್ಲು ಹಬ್ಬಿದ ಇಳಿಜಾರು ದಡಗಳು, ನೀರಿನ ನಡುವೆ ತಲೆಯೆತ್ತಿರುವ ಬಂಡೆಗಳು ಮತ್ತು ಅವುಗಳ ಹಿಂದೆ ಸಾಲಾಗಿ ನಿಂತ ಬಹುಮಹಡಿ ಮನೆಗಳನ್ನು ಕಂಡವರು, ನಗರ ಬೆಳೆಯುವಾಗ ಹೇಗೋ ಉಳಿದುಕೊಂಡ ಹಳೆಯ ನಿಸರ್ಗದ ತುಣುಕು ಇದೆಂದು ಭಾವಿಸುವುದು ಸಹಜ. ವಾಸ್ತವವಾಗಿ ಈ ಹೊಳೆಗೆ ಇಂದಿನ ರೂಪ ಬಂದದ್ದು 2012ರಲ್ಲಿ. ಅದರ ಸುತ್ತಲಿನ ನಗರಕ್ಕೆ ಅರ್ಧ ಶತಮಾನವೂ ತುಂಬಿಲ್ಲ. ಇಲ್ಲಿ ಕಣ್ಣಿಗೆ ಬೀಳುವ ಬಹುಪಾಲು ನೋಟವು ಯೋಜಿಸಿ ಕಟ್ಟಿದ್ದಾದ್ದರಿಂದ, ಯಾವ ಹೊತ್ತಿಗೆ, ಯಾವ ಕಡೆಯಿಂದ ಚಿತ್ರ ತೆಗೆಯಬೇಕೆಂಬ ಪ್ರಶ್ನೆಯು ಈ ನೆಲವನ್ನು ಯಾರು, ಏಕೆ ಹೀಗೆ ಮಾರ್ಪಡಿಸಿದರೆಂಬ ಪ್ರಶ್ನೆಯಿಂದ ಬೇರೆಯಾಗಿ ನಿಲ್ಲಲಾರದು.

ಸಿಂಗಪುರಕ್ಕೆ ಕ್ಯಾಮೆರಾ ಬಂದದ್ದು ಬಹಳ ಬೇಗ. 1843ರಲ್ಲಿಯೇ ಗಾಸ್ತೊಂ ದುತ್ರೊಂಕುವಾ ಎಂಬ ಹೋಟೆಲ್ ಮಾಲೀಕನು ಡಾಗೆರೊಟೈಪ್ ಭಾವಚಿತ್ರಗಳನ್ನು, ಅಂದರೆ ಬೆಳ್ಳಿ ಲೇಪಿಸಿದ ತಾಮ್ರದ ತಗಡಿನ ಮೇಲೆ ನೇರವಾಗಿ ಮೂಡಿಸುವ ಬಿಂಬಗಳನ್ನು, ತೆಗೆದುಕೊಡುವುದಾಗಿ ಜಾಹೀರಾತು ನೀಡಿದ್ದನು; ಮರುವರ್ಷ ಫ್ರೆಂಚ್ ಸುಂಕಾಧಿಕಾರಿ ಜ್ಯೂಲ್ ಇತಿಯೆ ತೆಗೆದ ನೋಟಗಳು ಆ ಊರಿನ ಉಳಿದುಬಂದಿರುವ ಅತಿ ಹಳೆಯ ಛಾಯಾಚಿತ್ರಗಳಲ್ಲಿ ಸೇರಿವೆ. 1867ರಲ್ಲಿ ಜರ್ಮನಿಯ ಜಿ. ಆರ್. ಲ್ಯಾಂಬರ್ಟ್ ತೆರೆದ ಸ್ಟುಡಿಯೊ ಮುಂದೆ ಪ್ರವಾಸಿಗರಿಗೆ ದೃಶ್ಯಚಿತ್ರಗಳನ್ನು ಮಾರುವ ದೊಡ್ಡ ಸಂಸ್ಥೆಯಾಗಿ ಬೆಳೆಯಿತು. ಈ ವ್ಯಾಪಾರದಲ್ಲಿ ಹೆಚ್ಚು ಬೇಡಿಕೆಯಿದ್ದದ್ದು ಬಂದರು, ಸಿಂಗಪುರ ನದಿಯ ದೋಣಿಸಾಲು, ಸರ್ಕಾರಿ ಕಟ್ಟಡಗಳು ಮತ್ತು ಸಸ್ಯೋದ್ಯಾನಗಳಿಗೆ. ನಗರದ ಉತ್ತರಕ್ಕೆ ಒಳನಾಡಿನಲ್ಲಿದ್ದ ಗುಡ್ಡಗಳು ದುಡಿಯುವವರ ಮತ್ತು ಸತ್ತವರ ನೆಲವಾಗಿದ್ದವೇ ಹೊರತು ನೋಡಲು ಹೋಗುವ ಜಾಗಗಳಾಗಿರಲಿಲ್ಲ.

ಆ ಗುಡ್ಡಗಳಲ್ಲಿಯೇ 1870ರಲ್ಲಿ ಪೆಕ್ ಸಾನ್ ಥೆಂಗ್ ಎಂಬ ಸ್ಮಶಾನ ಸ್ಥಾಪನೆಗೊಂಡಿತು. ದಕ್ಷಿಣ ಚೀನಾದ ಗ್ವಾಂಗ್‌ಝೌ, ಹುಯ್‌ಝೌ ಮತ್ತು ಝಾವೊಚಿಂಗ್ ಎಂಬ ಮೂರು ಪ್ರಾಂತಗಳಿಂದ ವಲಸೆ ಬಂದವರು ಕೂಡಿ ಕಟ್ಟಿದ ಈ ಸಂಸ್ಥೆಯು, ಬಂಧುಬಳಗವಿಲ್ಲದ ಊರಿನಲ್ಲಿ ಸತ್ತ ಕೂಲಿಗೂ ಮಣ್ಣು ಸಿಗುವಂತೆ ನೋಡಿಕೊಂಡಿತು. ಸಮಾಧಿಗೆ ಇಳಿಜಾರು ನೆಲವೇ ಶ್ರೇಷ್ಠವೆಂಬುದು ಫೆಂಗ್‌ಶುಯಿ ಎಂಬ ಚೀನೀ ಸ್ಥಳಶಾಸ್ತ್ರದ ನಂಬಿಕೆ. ಬೆನ್ನಿಗೆ ಗುಡ್ಡ, ಮುಂದೆ ತೆರೆದ ಬಯಲು ಮತ್ತು ನೀರು ಇರಬೇಕೆಂಬ ಆ ಶಾಸ್ತ್ರದ ಆದರ್ಶವು ಭೂದೃಶ್ಯವನ್ನು ಓದುವ ಒಂದು ಶಿಸ್ತೇ ಆಗಿದ್ದು, ಕ್ಯಾಮೆರಾ ಹಿಡಿದವರು ಹಿನ್ನೆಲೆ ಮುನ್ನೆಲೆಗಳನ್ನು ಹೊಂದಿಸುವ ಬಗೆಯನ್ನು ಅರಿತವರಿಗೆ ಅದು ಅಷ್ಟೇನೂ ಅಪರಿಚಿತವೆನಿಸದು. ಕಾಲಕ್ರಮದಲ್ಲಿ ಸ್ಮಶಾನವು ಮುನ್ನೂರಕ್ಕೂ ಹೆಚ್ಚು ಎಕರೆಗೆ ಹಬ್ಬಿತು. ಅದರ ಮಗ್ಗುಲಲ್ಲಿ ಕಾಂಪೊಂಗ್ ಸಾನ್ ಥೆಂಗ್ ಎಂಬ ಹಳ್ಳಿ ಬೆಳೆದು, ಸಮಾಧಿಗಳ ಆರೈಕೆ ಮತ್ತು ಪೂಜಾಸಾಮಗ್ರಿಗಳ ಮಾರಾಟವನ್ನು ನೆಚ್ಚಿದ ಕುಟುಂಬಗಳು ಅಲ್ಲಿ ನೆಲೆಸಿದವು. ವಸಂತದ ಚಿಂಗ್‌ಮಿಂಗ್ ಎಂಬ ಪಿತೃಸ್ಮರಣೆಯ ಹಬ್ಬಕ್ಕೆ ಊರೆಲ್ಲ ಈ ಗುಡ್ಡಗಳ ಕಡೆಗೆ ಹರಿದುಬರುತ್ತಿತ್ತು. ಹೀಗಾಗಿ ಬಿಶಾನ್ ಕಡೆಗಿನ ಮೊದಲ ದೊಡ್ಡ ಪಯಣಗಳು ಸತ್ತವರನ್ನು ಕಾಣಲು ಬದುಕಿದ್ದವರು ಮಾಡುತ್ತಿದ್ದ ಪಯಣಗಳೆನ್ನಬೇಕು.

ನೆಲ ಕಡಿಮೆಯಿದ್ದ ಹೊಸ ಗಣರಾಜ್ಯದಲ್ಲಿ ಇಷ್ಟು ವಿಸ್ತಾರದ ಸ್ಮಶಾನ ಉಳಿಯುವುದು ಸಾಧ್ಯವಿರಲಿಲ್ಲ. 1973ರಲ್ಲಿ ಇಲ್ಲಿ ಹೂಳುವುದು ನಿಂತಿತು. ಆ ದಶಕದ ಕೊನೆಗೆ ಸರ್ಕಾರ ನೆಲವನ್ನು ವಶಕ್ಕೆ ಪಡೆಯಿತು. ಅನಂತರ ಹತ್ತಾರು ಸಾವಿರ ಸಮಾಧಿಗಳನ್ನು ತೆರೆದು, ಅಸ್ಥಿಗಳನ್ನು ದಹಿಸಿ, ಗುಡ್ಡಗಳನ್ನು ತಗ್ಗಿಸಿ ವಸತಿನಗರ ಕಟ್ಟಲಾಯಿತು. ಪೆಕ್ ಸಾನ್ ಥೆಂಗ್ ಎಂಬ ಹೆಸರೇ ಮ್ಯಾಂಡರಿನ್ ಉಚ್ಚಾರಣೆಯಲ್ಲಿ ಬಿಶಾನ್ ಆಗಿ ಹೊಸ ನಗರಕ್ಕೆ ಬಂತು. ಸಂಸ್ಥೆಗೆ ಬಿಟ್ಟುಕೊಟ್ಟ ಸುಮಾರು ಎಂಟು ಎಕರೆ ನೆಲದಲ್ಲಿ ದೇವಾಲಯವೂ ಚಿತಾಭಸ್ಮದ ಕರಂಡಕಗಳನ್ನಿಡುವ ಭವನವೂ ಇಂದಿಗೂ ಇವೆ. 1987ರ ನವೆಂಬರ್ 7ರಂದು ದೇಶದ ಮೊದಲ ಮೆಟ್ರೊ ರೈಲು ಓಡಿದಾಗ ಅದು ಮುಟ್ಟಿದ ಐದು ನಿಲ್ದಾಣಗಳಲ್ಲಿ ಬಿಶಾನ್ ಒಂದಾಗಿತ್ತು.

ಹೊಳೆಯ ಕತೆಯು ಇದಕ್ಕೆ ಸಮಾನಾಂತರವಾಗಿ ಸಾಗುತ್ತದೆ. ಲೋವರ್ ಪಿಯರ್ಸ್ ಜಲಾಶಯದಿಂದ ಹೊರಟು ಸುಮಾರು 10 ಕಿಲೋಮೀಟರ್ ಹರಿಯುವ ಕಲ್ಲಾಂಗ್ ಸಿಂಗಪುರದ ಅತಿ ಉದ್ದದ ನದಿ. ಮಳೆಗಾಲದ ಪ್ರವಾಹಗಳಿಂದ ಬಸವಳಿದ ನಗರವು ತನ್ನ ಹೊಳೆಹಳ್ಳಗಳನ್ನು ಕಾಂಕ್ರೀಟಿನ ನೇರ ಕಾಲುವೆಗಳಾಗಿ ಬದಲಿಸಿದಾಗ ಕಲ್ಲಾಂಗ್ ಕೂಡ ಹಾಗೆಯೇ ಬಂದಿಯಾಯಿತು. ಬೆಂಗಳೂರಿನ ರಾಜಕಾಲುವೆಗಳಿಗೆ ಎರಡೂ ಕಡೆ ಗೋಡೆಯೆತ್ತಿದ್ದನ್ನು ಕಂಡ ಓದುಗರಿಗೆ ಆ ದೃಶ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. 1988ರಲ್ಲಿ ಬಿಶಾನ್ ಉದ್ಯಾನ ತೆರೆದಾಗ ಕಾಲುವೆಯು ಅದರ ಅಂಚಿನಲ್ಲಿ, ಬೇಲಿಯ ಆಚೆಗೆ, ಯಾರ ಕಣ್ಣಿಗೂ ಬೇಡವಾದ ವಸ್ತುವಿನಂತೆ ಹರಿಯುತ್ತಿತ್ತು.

ನೀರನ್ನು ಬೇಗ ಸಾಗಹಾಕುವುದಷ್ಟೇ ಸಾಲದು, ಜನ ಅದರ ಬಳಿ ಬರಬೇಕೆಂಬ ಚಿಂತನೆಯು 2006ರಲ್ಲಿ ಸಿಂಗಪುರದ ಜಲಮಂಡಳಿ ಆರಂಭಿಸಿದ ‘ಎಬಿಸಿ ವಾಟರ್ಸ್’ ಎಂಬ ಕಾರ್ಯಕ್ರಮದಲ್ಲಿ ಸ್ಪಷ್ಟ ರೂಪ ಪಡೆಯಿತು. ಅದರಡಿ ಜರ್ಮನಿಯ ಅಟೆಲಿಯೆ ದ್ರೈಸೈಟ್ಲ್ ಸಂಸ್ಥೆಯ ವಿನ್ಯಾಸದಂತೆ ಉದ್ಯಾನದ 2.7 ಕಿಲೋಮೀಟರ್ ನೇರ ಕಾಲುವೆಯನ್ನು ಒಡೆದು 3.2 ಕಿಲೋಮೀಟರ್ ಉದ್ದದ ಅಂಕುಡೊಂಕಾದ ಹೊಳೆಯನ್ನಾಗಿ ಮಾಡಲಾಯಿತು. ಉಷ್ಣವಲಯದ ಬಿರುಮಳೆಗೆ ಮಣ್ಣಿನ ದಡ ತಾಳುವುದೇ ಎಂಬ ಸಂಶಯವಿದ್ದುದರಿಂದ, ಗಿಡಗಳ ಬೇರು, ಕಲ್ಲು ಮತ್ತು ನೇಯ್ದ ಚಾಪೆಗಳನ್ನು ಬೆರೆಸಿ ದಡವನ್ನು ಬಿಗಿಗೊಳಿಸುವ ಹತ್ತು ವಿಧಾನಗಳನ್ನು 2009ರಲ್ಲಿ ಮೊದಲು ಒಂದು ಪಕ್ಕದ ಕಾಲುವೆಯಲ್ಲಿ ಪರೀಕ್ಷಿಸಲಾಯಿತು. ಒಡೆದ ಕಾಂಕ್ರೀಟಿನ ಹಲಗೆಗಳನ್ನು ಹೊರಗೆ ಸಾಗಿಸದೆ ಉದ್ಯಾನದಲ್ಲಿಯೇ ಪೇರಿಸಿ ಕಟ್ಟಿದ ದಿಬ್ಬವೇ ‘ರೀಸೈಕಲ್ ಹಿಲ್’. ಗುಡ್ಡಗಳನ್ನು ಕಳೆದುಕೊಂಡ ಊರಿಗೆ ಹಳೆಯ ಕಾಲುವೆಯ ಅವಶೇಷದಿಂದ ಒಂದು ಎತ್ತರದ ನೋಟಸ್ಥಾನ ದೊರೆತದ್ದು ಈ ಇತಿಹಾಸದ ಅತ್ಯಂತ ಅರ್ಥಪೂರ್ಣ ತಿರುವು. 62 ಹೆಕ್ಟೇರುಗಳ ಈ ಉದ್ಯಾನವು 2012ರ ಮಾರ್ಚ್‌ನಲ್ಲಿ ಮತ್ತೆ ತೆರೆದುಕೊಂಡಿತು.

ಛಾಯಾಗ್ರಾಹಕರು ಗಮನಿಸಬೇಕಾದ ತಾಂತ್ರಿಕ ಸಂಗತಿಯೆಂದರೆ, ಇದು ನೆರೆಬಯಲಿನ ತತ್ತ್ವದ ಮೇಲೆ ನಿಂತ ಹೊಳೆ. ಒಣದಿನಗಳಲ್ಲಿ ನೀರು ಕಿರಿದಾದ ಪಾತ್ರದಲ್ಲಿ ಉಳಿಯುತ್ತದೆ, ಜನ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ದಾಟುತ್ತಾರೆ. ಮಳೆ ಸುರಿದಾಗ ಅಕ್ಕಪಕ್ಕದ ಹುಲ್ಲುಗಾವಲೇ ಪಾತ್ರವಾಗಿ, ಪ್ರವಾಹದ ಅಗಲ 100 ಮೀಟರ್‌ವರೆಗೂ ಚಾಚಿಕೊಳ್ಳುತ್ತದೆ. ಒಂದೇ ಜಾಗದ ಎರಡು ನೋಟಗಳು ಕೆಲವೇ ಗಂಟೆಗಳ ಅಂತರದಲ್ಲಿ ದೊರೆಯುವುದು ಇದರಿಂದಲೇ. ನೀರಿನ ಮಟ್ಟ ಏರುವಾಗ ಎಚ್ಚರಿಕೆಯ ದೀಪಗಳೂ ಸೈರನ್‌ಗಳೂ ಚಾಲೂ ಆಗುವಂತಿದ್ದು, ಆಗ ಟ್ರೈಪಾಡನ್ನು ದಡದಿಂದ ತೆಗೆದು ಸೇತುವೆಗಾಗಲಿ ದಿಬ್ಬಕ್ಕಾಗಲಿ ಒಯ್ಯುವುದು ಅನಿವಾರ್ಯ.

ಬೆಳಕಿನ ಲೆಕ್ಕಕ್ಕೂ ಒಂದು ಇತಿಹಾಸವಿದೆ. ಸಿಂಗಪುರವು ಭೂಮಧ್ಯರೇಖೆಗೆ ಒಂದೂಕಾಲು ಡಿಗ್ರಿಯಷ್ಟು ಸಮೀಪದಲ್ಲಿರುವುದರಿಂದ ವರ್ಷವಿಡೀ ಹಗಲಿರುಳು ಹೆಚ್ಚುಕಡಿಮೆ ಸಮವಾಗಿವೆ. ಆದರೂ ಸೂರ್ಯ ಹುಟ್ಟುವುದು ಗಡಿಯಾರದ ಏಳರ ಸುಮಾರಿಗೆ. ಮಲೇಷ್ಯಾ ತನ್ನ ಪೂರ್ವ ಪಶ್ಚಿಮ ಭಾಗಗಳ ಸಮಯವನ್ನು ಒಂದುಗೂಡಿಸಿದಾಗ ಸಿಂಗಪುರವೂ 1982ರ ಜನವರಿ 1ರಿಂದ ಗಡಿಯಾರವನ್ನು ಅರ್ಧ ಗಂಟೆ ಮುಂದಕ್ಕೆ ಹಾಕಿದ್ದು ಇದಕ್ಕೆ ಒಂದು ಕಾರಣ. ಮುಂಜಾನೆಗೆಂದು ಮಲೆನಾಡಿನಲ್ಲಿ ಐದಕ್ಕೇ ಏಳುವವರು ಇಲ್ಲಿ ಆತುರಪಡಬೇಕಿಲ್ಲ. ಆದರೆ ಸೂರ್ಯ ನೆಟ್ಟಗೆ ಮೇಲೇರುವುದರಿಂದ ಹೊಂಬೆಳಕು ಬೇಗ ಕರಗುತ್ತದೆ, ಮಧ್ಯಾಹ್ನ ಒಂದರ ಹೊತ್ತಿಗೆ ನೆರಳು ಕಾಲಬುಡಕ್ಕೆ ಬಂದಿರುತ್ತದೆ. ಹೊಳೆಯು ಉದ್ಯಾನವನ್ನು ಸ್ಥೂಲವಾಗಿ ಪಶ್ಚಿಮದಿಂದ ಪೂರ್ವಕ್ಕೆ ಹಾಯುವುದರಿಂದ ಬೆಳಗ್ಗೆ ನೀರು ಹೋಗುವ ಕಡೆಗೂ ಸಂಜೆ ಬರುವ ಕಡೆಗೂ ಮುಖಮಾಡಿದರೆ ಎದುರುಬೆಳಕು ಸಿಗುತ್ತದೆ. ನವೆಂಬರ್‌ನಿಂದ ಜನವರಿಯವರೆಗಿನ ಈಶಾನ್ಯ ಮಾರುತದ ದಿನಗಳನ್ನು ಪ್ರವಾಸಿಗರು ಮಳೆಗೆ ಹೆದರಿ ಬಿಡುವುದುಂಟು. ನೆರೆಬಯಲಿನ ನಿಜವಾದ ಕೆಲಸವನ್ನು ಚಿತ್ರಿಸಬೇಕೆನ್ನುವವರಿಗೆ ಅವೇ ತಕ್ಕ ದಿನಗಳು.

ಈ ಹೊಳೆಯನ್ನು ಜನಪ್ರಿಯಗೊಳಿಸಿದ ಶ್ರೇಯಸ್ಸಿನ ದೊಡ್ಡ ಪಾಲು ನೀರುನಾಯಿಗಳದು. 1977ರಿಂದ 1987ರವರೆಗೆ ನಡೆದ ಸಿಂಗಪುರ ನದಿ ಮತ್ತು ಕಲ್ಲಾಂಗ್ ಕೊಲ್ಲಿಯ ಶುದ್ಧೀಕರಣದಿಂದ ನೀರಿಗೆ ಮತ್ತೆ ಮೀನು ಬಂತು; 2014ರಲ್ಲಿ ಒಂದು ನೀರುನಾಯಿ ಕುಟುಂಬ ಬಿಶಾನ್ ಉದ್ಯಾನದಲ್ಲಿ ನೆಲೆಯೂರಿ, ಅದರ ದಿನಚರಿಯನ್ನು ಹಿಂಬಾಲಿಸುವ ಹವ್ಯಾಸಿ ಛಾಯಾಗ್ರಾಹಕರ ಬಳಗವೇ ಬೆಳೆಯಿತು. 2015ರಲ್ಲಿ ಆ ಕುಟುಂಬ ನದಿಯನ್ನೇ ದಾರಿಯಾಗಿಸಿಕೊಂಡು ಮರೀನಾ ಕಡೆಗೆ ಇಳಿಯಿತು. ಇವು ಕರ್ನಾಟಕ ಸರ್ಕಾರ 2015ರಲ್ಲಿ ತುಂಗಭದ್ರೆಯ ದಂಡೆಯಲ್ಲಿ ಮೀಸಲು ಪ್ರದೇಶ ಘೋಷಿಸಿ ರಕ್ಷಿಸಿದ ಜಾತಿಯವೇ ಆಗಿದ್ದು, ಕಂಪ್ಲಿಯ ಬಂಡೆಗಳ ನಡುವೆ ದೂರದಿಂದ ಮಾತ್ರ ಕಾಣಸಿಗುವ ಈ ಪ್ರಾಣಿ ಬಿಶಾನ್‌ನಲ್ಲಿ ವಾಯುವಿಹಾರಿಗಳ ಸನಿಹವೇ ದಡವೇರುತ್ತದೆ. ಮರಿಗಳಿದ್ದಾಗ ಹಿರಿಯ ನೀರುನಾಯಿಗಳು ಕಚ್ಚುವುದುಂಟಾದ್ದರಿಂದ ಉದ್ದನೆಯ ಲೆನ್ಸ್ ಒಯ್ಯುವುದು, ದಡಕ್ಕೂ ನೀರಿಗೂ ನಡುವಿನ ಅವುಗಳ ದಾರಿಯನ್ನು ಬಿಟ್ಟು ನಿಲ್ಲುವುದು ಮತ್ತು ಫ್ಲ್ಯಾಶ್ ಬಳಸದಿರುವುದು ಅಲ್ಲಿನ ಛಾಯಾಗ್ರಾಹಕರು ರೂಢಿಸಿಕೊಂಡ ಕ್ರಮ.