ಗಜನಿ: ಉಬ್ಬರಕ್ಕೆ ಬಾಗಿಲು ತೆರೆಯುವ ಗದ್ದೆ

ಉತ್ತರ ಕನ್ನಡದ ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ಅಳಿವೆಯ ಅಂಚಿಗಿರುವ ಉಪ್ಪುನೀರಿನ ಗದ್ದೆಗಳೇ ಗಜನಿ. ಮಳೆಗಾಲದಲ್ಲಿ ಇಲ್ಲಿ ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುತ್ತದೆ. ಕೊಯ್ಲಾದ ಮೇಲೆ ಅದೇ ನೆಲ ಮೀನಿನ ಮನೆ.

ಒಡ್ಡಿನ ತೂಬಿಗೆ ಮರದ ಹಲಗೆಗಳ ಬಾಗಿಲು. ಉಬ್ಬರದಲ್ಲಿ ಅದನ್ನು ತೆರೆದರೆ ನೀರಿನೊಂದಿಗೆ ಸಿಗಡಿ, ಮೀನುಮರಿಗಳು ಒಳಬರುತ್ತವೆ. ಭತ್ತದ ಕೂಳೆ ಕೊಳೆತ ನೀರಿನಲ್ಲಿ ಮೇಯ್ದು ಬೆಳೆಯುತ್ತವೆ. ಇಳಿತದಲ್ಲಿ ನೀರು ಹೊರಹರಿಯುವಾಗ ತೂಬಿಗೆ ಬಲೆ ಕಟ್ಟಿ ಹಿಡಿಯುತ್ತಾರೆ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಉಬ್ಬರವಿಳಿತ ಜೋರು. ಬಲೆಗೂ ಅದೇ ಸುಗ್ಗಿ.

ಅಘನಾಶಿನಿಗೆ ಅಣೆಕಟ್ಟಿಲ್ಲ. ನದಿಯ ಸಿಹಿನೀರು, ಕಡಲಿನ ಉಪ್ಪುನೀರು ಇಲ್ಲಿ ಅಡೆತಡೆಯಿಲ್ಲದೆ ಬೆರೆಯುತ್ತವೆ. ಗಜನಿಯ ಜೀವಾಳವೇ ಅದು. 2024ರಲ್ಲಿ ಈ ಅಳಿವೆ ಅಂತರರಾಷ್ಟ್ರೀಯ ಮಹತ್ವದ ರಾಮ್‌ಸರ್ ತಾಣಗಳ ಪಟ್ಟಿಗೆ ಸೇರಿತು.